ಕುಡಿದವರ ಯಕೃತ್ತು, ಕುಡಿಯದವರ ಯಕೃತ್ತು

ಕೆಲವು ತಿಂಗಳ ಹಿಂದೆ ನಿವೃತ್ತ ಶಿಕ್ಷಕರೊಬ್ಬರು ಪತ್ನಿ ಮತ್ತು ಮಗನೊಡನೆ ನನ್ನ ಚಿಕಿತ್ಸಾಲಯಕ್ಕೆ ಬಂದರು. ಕಾಲುಗಳಲ್ಲಿ ಬಾವು, ಹೊಟ್ಟೆಯಲ್ಲಿ ಭಾರ, ಊಟದಲ್ಲಿ ಅರುಚಿ. ಕೈಯಲ್ಲಿದ್ದ ಸ್ಕ್ಯಾನಿಂಗ್ ವರದಿಯಲ್ಲಿ ‘ಸಿರೋಸಿಸ್’ ಎಂಬ ಪದವಿತ್ತು. ಜೀವಮಾನದಲ್ಲಿ ಮದ್ಯವನ್ನು ಮುಟ್ಟದವರು ಅವರು. ಆದರೆ ಸಿರೋಸಿಸ್ ಎಂದೊಡನೆ ಬಂಧುಗಳಲ್ಲಿ ಪಿಸುಮಾತು ಆರಂಭವಾಗಿತ್ತು. ಮಗಳ ಮದುವೆಯ ಮಾತುಕತೆ ನಡೆದಿದ್ದ ಕಾಲವದು. ತಂದೆಯ ಕಡೆಗೆ ನೋಡುತ್ತಿದ್ದ ಮಗನ ಕಣ್ಣಲ್ಲಿಯೂ ಸಂಶಯವಿತ್ತು. ಪರೀಕ್ಷೆ ಮುಗಿದ ಮೇಲೆ ಆ ಹಿರಿಯರು ತಗ್ಗಿದ ದನಿಯಲ್ಲಿ ಕೇಳಿದರು: “ಡಾಕ್ಟರ್ ಸಾಹೇಬ್ರ, ಕುಡದವ್ರ ಲಿವರ್ ಬ್ಯಾರೆ ಕಾಣತೈತಿ, ಕುಡೀದವ್ರದ್ದು ಬ್ಯಾರೆ ಕಾಣತೈತಿ ಅಲ್ರೀ? ಸ್ಕ್ಯಾನ್ ನೋಡಿ ನಮ್ಮ ಮಂದಿಗೆ ನೀವ ಒಂದ್ ಮಾತ ಹೇಳ್ರಿ.”

ಪ್ರಶ್ನೆ ಸರಳವಾಗಿದೆ, ಉತ್ತರ ಅಷ್ಟು ಸರಳವಲ್ಲ. ಇಂತಹ ಸಂಕಟ ಅನೇಕ ಸದ್ಭಕ್ತರ ಮನೆಗಳಲ್ಲಿ ಇರಬಹುದೆಂಬ ಕಾರಣಕ್ಕೆ ಈ ತಿಂಗಳು ಇದೇ ವಿಷಯವನ್ನು ಸ್ವಲ್ಪ ವಿಸ್ತಾರವಾಗಿ ವಿವರಿಸುತ್ತೇನೆ.

ಸ್ವಸ್ಥ ಯಕೃತ್ತು

ಬಲಭಾಗದ ಪಕ್ಕೆಲುಬುಗಳ ಮರೆಯಲ್ಲಿರುವ ಯಕೃತ್ತು ನಮ್ಮ ದೇಹದೊಳಗಿನ ಅತಿ ದೊಡ್ಡ ಅಂಗ. ವಯಸ್ಕರಲ್ಲಿ ಅದರ ತೂಕ ಸುಮಾರು 1.2ರಿಂದ 1.5 ಕಿಲೋಗ್ರಾಂ. ಆರೋಗ್ಯವಂತರ ಯಕೃತ್ತು ಕೆಂಗಂದು ಬಣ್ಣದ್ದು. ಅದರ ಮೇಲ್ಮೈ ನುಣುಪಾಗಿ ಹೊಳೆಯುತ್ತದೆ, ಅಂಚು ತೆಳುವಾಗಿ ಚೂಪಾಗಿರುತ್ತದೆ, ಮುಟ್ಟಿದರೆ ಮೃದು. ಆಯುರ್ವೇದವು ರಂಜಕ ಪಿತ್ತದ ಸ್ಥಾನವೆಂದು ಯಕೃತ್ತು ಮತ್ತು ಪ್ಲೀಹಗಳನ್ನು ಹೇಳಿದೆ. ಅನ್ನರಸಕ್ಕೆ ಬಣ್ಣವಿತ್ತು ರಕ್ತವಾಗಿಸುವುದೇ ರಂಜಕ ಪಿತ್ತ. ರಕ್ತವಹ ಸ್ರೋತಸ್ಸಿನ ಮೂಲವೂ ಇವೆರಡೇ. ಯಕೃತ್ತು ಕೆಟ್ಟಾಗ ಕಣ್ಣು, ಚರ್ಮ, ಮೂತ್ರ, ಮಲ ಎಲ್ಲದರ ಬಣ್ಣವೂ ಕೆಡುವುದನ್ನು ನಮ್ಮ ಪ್ರಾಚೀನರು ಸೂಕ್ಷ್ಮವಾಗಿ ಗಮನಿಸಿದ್ದರು.

ಸಿರೋಸಿಸ್ ಎಂದರೇನು?

ಯಕೃತ್ತಿಗೆ ತನ್ನನ್ನು ತಾನೇ ಮರಳಿ ಬೆಳೆಸಿಕೊಳ್ಳುವ ಶಕ್ತಿ ಇದೆ. ಒಮ್ಮೆ ಗಾಯವಾದರೆ ಹೊಸ ಜೀವಕೋಶಗಳು ಹುಟ್ಟಿ ಅದು ಮಾಯುತ್ತದೆ. ಆದರೆ ವರ್ಷಾನುಗಟ್ಟಲೆ ಗಾಯದ ಮೇಲೆ ಗಾಯವಾದರೆ, ಸುಟ್ಟ ಚರ್ಮದ ಮೇಲೆ ಗಟ್ಟಿ ಕಲೆ ಉಳಿಯುವಂತೆ ಯಕೃತ್ತಿನೊಳಗೆ ನಾರಿನ ಎಳೆಗಳು ಬೆಳೆಯುತ್ತವೆ. ಈ ಎಳೆಗಳು ಒಂದಕ್ಕೊಂದು ಕೂಡಿಕೊಂಡು ಬಲೆಯಾಗುತ್ತವೆ. ಬಲೆಯ ಕಣ್ಣುಗಳ ನಡುವೆ ಅಳಿದುಳಿದ ಜೀವಕೋಶಗಳು ಗಂಟುಗಂಟಾಗಿ ಬೆಳೆಯುತ್ತವೆ. ಈ ನಾರು ಮತ್ತು ಗಂಟುಗಳ ಸ್ಥಿತಿಯೇ ಸಿರೋಸಿಸ್. ಗಟ್ಟಿಯಾದ ಯಕೃತ್ತಿನ ಮೂಲಕ ರಕ್ತ ಸರಾಗವಾಗಿ ಹರಿಯಲಾರದು. ಆಗ ಕರುಳಿನಿಂದ ಬರುವ ರಕ್ತನಾಳದಲ್ಲಿ ಒತ್ತಡ ಏರಿ ಪ್ಲೀಹ ಹಿಗ್ಗುತ್ತದೆ, ಹೊಟ್ಟೆಯಲ್ಲಿ ನೀರು ತುಂಬುತ್ತದೆ, ಅನ್ನನಾಳದ ರಕ್ತನಾಳಗಳು ಉಬ್ಬುತ್ತವೆ. ಚರಕಸಂಹಿತೆಯು ಉದರರೋಗಗಳ ಅಧ್ಯಾಯದಲ್ಲಿ ಪ್ಲೀಹೋದರದೊಡನೆ ಯಕೃತ್ತಿನ ವೃದ್ಧಿಯನ್ನೂ, ಕೊನೆಗೆ ಜಲೋದರವನ್ನೂ ವರ್ಣಿಸಿ, ಉದರರೋಗಗಳು ಕಷ್ಟಸಾಧ್ಯವೆಂದು ಎಚ್ಚರಿಸಿದೆ.

‘ಸಿರೋಸಿಸ್’ ಎಂಬ ಹೆಸರೇ ಕಣ್ಣಿಗೆ ಕಂಡದ್ದರಿಂದ ಹುಟ್ಟಿದ್ದು. ಸ್ಟೆತೊಸ್ಕೋಪನ್ನು ಕಂಡುಹಿಡಿದ ಫ್ರಾನ್ಸಿನ ವೈದ್ಯ ಲೆನೆಕ್ ಅವರು 1819ರಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿ ಈ ಹೆಸರನ್ನಿಟ್ಟರು. ಗ್ರೀಕ್ ಭಾಷೆಯ ‘ಕಿರ್ರೋಸ್’ ಎಂದರೆ ಹಳದಿ ಮಿಶ್ರಿತ ಕಂದು ಬಣ್ಣ. ಶವಪರೀಕ್ಷೆಯಲ್ಲಿ ಕಂಡ ಗಂಟುಗಳ ಬಣ್ಣವದು. ಹೆಸರಿನಲ್ಲಿ ಬಣ್ಣವಿದೆಯೇ ಹೊರತು ಮದ್ಯವಿಲ್ಲ ಎಂಬುದನ್ನು ಓದುಗರು ಗಮನಿಸಬೇಕು.

ಮದ್ಯದಿಂದ ಕೆಟ್ಟ ಯಕೃತ್ತಿನ ರೂಪ

ನಾನು ವಿದ್ಯಾರ್ಥಿಯಾಗಿದ್ದಾಗ ನಮ್ಮ ಕಾಲೇಜಿನ ಸಂಗ್ರಹಾಲಯದಲ್ಲಿ ಫಾರ್ಮಲಿನ್ ತುಂಬಿದ ಗಾಜಿನ ಭರಣಿಗಳ ಸಾಲಿತ್ತು. ಅಲ್ಲಿ ನಾವು ಕಲಿತ ಪಾಠ ಹೀಗಿತ್ತು. ಮದ್ಯಪಾನಿಯ ಯಕೃತ್ತು ಮೊದಲು ಕೊಬ್ಬು ತುಂಬಿ ಹಿಗ್ಗುತ್ತದೆ. ತೂಕ 2 ಕಿಲೋಗ್ರಾಂ ಮೀರಬಹುದು, ಬಣ್ಣ ಹಳದಿಗೆ ತಿರುಗುತ್ತದೆ, ಕೊಯ್ದರೆ ಕತ್ತಿಗೆ ಜಿಡ್ಡು ಅಂಟುತ್ತದೆ. ಕುಡಿತ ಮುಂದುವರಿದರೆ ನಾರು ಬೆಳೆದು ಮೇಲ್ಮೈಯಲ್ಲೆಲ್ಲ ಒಂದೇ ಸಮನಾದ ಸಣ್ಣ ಗಂಟುಗಳು ಮೂಡುತ್ತವೆ. ಇವುಗಳ ಗಾತ್ರ 3 ಮಿಲಿಮೀಟರಿಗಿಂತ ಕಡಿಮೆ. ಸಾಸಿವೆ, ನವಣೆಯ ಕಾಳುಗಳನ್ನು ಒತ್ತೊತ್ತಾಗಿ ಹರಡಿದಂತೆ ಕಾಣುತ್ತದೆ. ಕೊನೆಯ ಹಂತದಲ್ಲಿ ಕೊಬ್ಬು ಕರಗಿ, ಯಕೃತ್ತು ಕುಗ್ಗಿ, ಕಂದು ಬಣ್ಣದ ಗಟ್ಟಿ ಮುದ್ದೆಯಾಗುತ್ತದೆ. ಆಗ ತೂಕ 1 ಕಿಲೋಗ್ರಾಂಗಿಂತಲೂ ಇಳಿಯಬಹುದು.

ಕುಡಿಯುವ ಎಲ್ಲರಿಗೂ ಸಿರೋಸಿಸ್ ಬರುವುದಿಲ್ಲ ಎಂಬುದು ನಿಜ. ಆದರೆ ಯಾರಿಗೆ ಬರುತ್ತದೆಂದು ಮುಂಚಿತವಾಗಿ ಹೇಳುವ ಉಪಾಯ ಯಾವ ವೈದ್ಯನಲ್ಲಿಯೂ ಇಲ್ಲ.

ಇತರ ಕಾರಣಗಳಿಂದ ಕೆಟ್ಟ ಯಕೃತ್ತಿನ ರೂಪ

ಹೆಪಟೈಟಿಸ್ ‘ಬಿ’ ಮತ್ತು ‘ಸಿ’ ವೈರಾಣುಗಳಿಂದ ಕೆಟ್ಟ ಯಕೃತ್ತಿನಲ್ಲಿ ಸಾಮಾನ್ಯವಾಗಿ ಗಂಟುಗಳು ದೊಡ್ಡವು, ಒಂದರಂತೆ ಒಂದಿಲ್ಲ. ಕೆಲವು ಕಡಲೆಕಾಳಿನಷ್ಟು, ಕೆಲವು ಅಡಿಕೆಯಷ್ಟು. ಅವುಗಳ ನಡುವೆ ಅಗಲವಾದ ಕಲೆಗಟ್ಟಿದ ಪಟ್ಟಿಗಳು. ಒಟ್ಟಿನಲ್ಲಿ ಅಂಗ ವಕ್ರವಾಗಿ ಕುಗ್ಗಿರುತ್ತದೆ.

ಪಿತ್ತನಾಳಗಳ ದೀರ್ಘಕಾಲದ ರೋಗದಲ್ಲಿ ಪಿತ್ತರಸ ಒಳಗೇ ನಿಂತು ಯಕೃತ್ತು ಹಸಿರಾಗುತ್ತದೆ. ನಡುವಯಸ್ಸಿನ ಸ್ತ್ರೀಯರಲ್ಲಿ ಕಾಮಾಲೆಗಿಂತ ಮೊದಲೇ ಮೈಯೆಲ್ಲ ತುರಿಕೆ ಕಾಣಿಸಿಕೊಂಡರೆ ಈ ಸಾಧ್ಯತೆಯನ್ನು ನೆನೆಯಬೇಕು. ದೇಹದಲ್ಲಿ ಕಬ್ಬಿಣ ಅತಿಯಾಗಿ ಶೇಖರವಾಗುವ ರೋಗದಲ್ಲಿ ಯಕೃತ್ತಿಗೆ ತುಕ್ಕಿನ ಬಣ್ಣ. ತಾಮ್ರ ಶೇಖರವಾಗುವ ವಿಲ್ಸನ್ ರೋಗದಲ್ಲಿ ಕಣ್ಣಿನ ಕರಿಗುಡ್ಡೆಯ ಅಂಚಿನಲ್ಲಿ ಹೊಂಗಂದು ಬಣ್ಣದ ಉಂಗುರ ಮೂಡಬಹುದು. ಎಳೆಯರಲ್ಲಿ ಸಿರೋಸಿಸ್ ಕಂಡಾಗ ವೈದ್ಯರು ಕಣ್ಣನ್ನು ವಿಶೇಷವಾಗಿ ಪರೀಕ್ಷಿಸುವುದು ಇದಕ್ಕಾಗಿ.

ಇಂದು ನಮ್ಮ ಸುತ್ತ ವೇಗವಾಗಿ ಹೆಚ್ಚುತ್ತಿರುವ ಕಾರಣವೆಂದರೆ ಮಧುಮೇಹ, ಬೊಜ್ಜು ಮತ್ತು ರಕ್ತದಲ್ಲಿನ ಕೊಬ್ಬಿನ ದೋಷಗಳಿಂದ ಯಕೃತ್ತಿನಲ್ಲಿ ಕೊಬ್ಬು ತುಂಬುವುದು. ಇದನ್ನೇ ಜನ ‘ಫ್ಯಾಟಿ ಲಿವರ್’ ಎನ್ನುತ್ತಾರೆ. ಕುಡಿಯದ ಶಿಕ್ಷಕರ ಪ್ರಶ್ನೆಗೆ ಉತ್ತರ ಕಠಿಣವಾಗುವುದು ಇಲ್ಲಿಯೇ.

ಕಣ್ಣು ಸೋಲುವ ಸ್ಥಳ

1980ರಲ್ಲಿ ಅಮೆರಿಕದ ಮೇಯೊ ಕ್ಲಿನಿಕ್ಕಿನ ಲುಡ್‌ವಿಗ್ ಮತ್ತು ಸಂಗಡಿಗರು 20 ರೋಗಿಗಳ ಯಕೃತ್ತಿನ ತುಣುಕುಗಳನ್ನು ಸೂಕ್ಷ್ಮದರ್ಶಕದಲ್ಲಿ ಪರಿಶೀಲಿಸಿ ವರದಿ ಮಾಡಿದರು. ಕೊಬ್ಬಿನ ಹನಿಗಳು, ಊದಿಕೊಂಡ ಜೀವಕೋಶಗಳು, ಕೋಶಗಳ ಸುತ್ತ ತಂತಿಬಲೆಯಂತೆ ಹಬ್ಬಿದ ನಾರು, ಎಲ್ಲವೂ ಮದ್ಯಪಾನಿಗಳ ಯಕೃತ್ತಿನಲ್ಲಿ ಕಾಣುವಂಥದ್ದೇ. ಆದರೆ ಆ ರೋಗಿಗಳು ಮದ್ಯಪಾನಿಗಳಾಗಿರಲಿಲ್ಲ. ಹೆಚ್ಚಿನವರು ಸ್ಥೂಲಕಾಯರು, ಹಲವರಿಗೆ ಮಧುಮೇಹವಿತ್ತು. ಅಂದಿನಿಂದ ಇದಕ್ಕೆ ‘ಮದ್ಯೇತರ’ ಎಂಬ ವಿಶೇಷಣ ಸೇರಿತು. ರೋಗಿಗೆ ಅಪಮಾನವಾಗಬಾರದೆಂಬುದನ್ನೂ ಪರಿಗಣಿಸಿ 2023ರಲ್ಲಿ ತಜ್ಞರು ಈ ಹೆಸರನ್ನೇ ಬದಲಿಸಿ, ಚಯಾಪಚಯ ದೋಷಕ್ಕೆ ಸಂಬಂಧಿಸಿದ ಯಕೃತ್ತಿನ ರೋಗವೆಂಬ ಅರ್ಥದ ಹೊಸ ಹೆಸರನ್ನಿಟ್ಟರು.

ಮದ್ಯದಿಂದಾದ ರೋಗದಲ್ಲಿ ಉರಿಯೂತದ ಬಿಳಿ ರಕ್ತಕಣಗಳ ದಾಳಿ ಮತ್ತು ಪಿತ್ತದ ತಡೆ ಸಾಮಾನ್ಯವಾಗಿ ಹೆಚ್ಚು. ಮಧುಮೇಹದ ಕೊಬ್ಬಿನ ರೋಗದಲ್ಲಿ ಕೊಬ್ಬು ಹೆಚ್ಚು, ಉರಿಯೂತ ತುಸು ಕಡಿಮೆ. ಇವು ಪ್ರಮಾಣದ ಭೇದಗಳು ಮಾತ್ರ, ಜಾತಿಯ ಭೇದಗಳಲ್ಲ. ಸಿರೋಸಿಸ್ ಪೂರ್ಣವಾದಾಗ ಕೊಬ್ಬು ಕರಗಿಹೋಗಿ ಆ ಸುಳಿವೂ ಅಳಿಯುತ್ತದೆ.

ಗಂಟುಗಳ ಗಾತ್ರವೂ ನಂಬಿಕೆಗೆ ಅರ್ಹವಲ್ಲ. ಮದ್ಯಪಾನಿ ಕುಡಿತ ಬಿಟ್ಟರೆ ಯಕೃತ್ತು ಮತ್ತೆ ಬೆಳೆಯಲು ಯತ್ನಿಸಿ ಸಣ್ಣ ಗಂಟುಗಳು ದೊಡ್ಡವಾಗುತ್ತವೆ. ಆಗ ಅದು ವೈರಾಣುವಿನಿಂದ ಕೆಟ್ಟ ಯಕೃತ್ತಿನಂತೆಯೇ ಕಾಣುತ್ತದೆ. ಹೊಟ್ಟೆಯ ಸ್ಕ್ಯಾನಿಂಗಿನಲ್ಲಿ ಮೇಲ್ಮೈ ಉಬ್ಬುತಗ್ಗಾಗಿದೆ, ಪ್ಲೀಹ ದೊಡ್ಡದಾಗಿದೆ, ನೀರು ತುಂಬಿದೆ ಎಂಬುದು ತಿಳಿಯುತ್ತದೆ. ಅದು ಮದ್ಯದಿಂದಲೋ ಅಲ್ಲವೋ ಎಂಬುದನ್ನು ಆ ಚಿತ್ರವೊಂದೇ ಹೇಳಲಾರದು.

ಇನ್ನೊಂದು ಉದಾಹರಣೆ ಮನ ಕಲಕುವಂಥದ್ದು. ನಮ್ಮ ದೇಶದಲ್ಲಿ ಹಿಂದೆ ಹಾಲುಗೂಸುಗಳನ್ನು ಮತ್ತು ಚಿಕ್ಕ ಮಕ್ಕಳನ್ನು ಕಾಡುತ್ತಿದ್ದ ಸಿರೋಸಿಸ್ ಒಂದಿತ್ತು. ವೈದ್ಯಗ್ರಂಥಗಳಲ್ಲಿ ಅದಕ್ಕೆ ‘ಭಾರತೀಯ ಬಾಲ್ಯದ ಸಿರೋಸಿಸ್’ ಎಂದೇ ಹೆಸರು. ಕಲಾಯಿ ಹಾಕದ ಹಿತ್ತಾಳೆ, ತಾಮ್ರದ ಪಾತ್ರೆಗಳಲ್ಲಿ ಹಾಲನ್ನು ಕಾಯಿಸಿ ಇಡುವುದರಿಂದ ಹಾಲಿಗೆ ಬೆರೆಯುತ್ತಿದ್ದ ತಾಮ್ರಕ್ಕೂ ಈ ರೋಗಕ್ಕೂ ಸಂಬಂಧವಿರುವುದು ಕಂಡುಬಂತು. ಸ್ಟೀಲ್ ಪಾತ್ರೆಗಳು ಬಂದ ಮೇಲೆ ಈ ರೋಗ ಹೆಚ್ಚುಕಡಿಮೆ ಮರೆಯಾಗಿದೆ. ಆ ಮಕ್ಕಳ ಯಕೃತ್ತಿನಲ್ಲಿ ಅತಿ ಸಣ್ಣ ಗಂಟುಗಳಿರುತ್ತಿದ್ದವು. ಮದ್ಯಪಾನಿಗಳ ಯಕೃತ್ತಿನ ಗುರುತೆಂದು ಬಹುಕಾಲ ಭಾವಿಸಲಾಗಿದ್ದ ಮ್ಯಾಲರಿ ಕಣಗಳು ಅಲ್ಲಿಯೂ ಹೇರಳವಾಗಿ ಕಾಣುತ್ತಿದ್ದವು. ತಾಯಿಯ ಮಡಿಲಿನ ಕೂಸು ಕುಡಿದಿತ್ತೆಂದು ಯಾರಾದರೂ ಹೇಳಿಯಾರೆ?

ಮೈಮೇಲಿನ ಗುರುತುಗಳು

ಹೊರಗಿನ ಲಕ್ಷಣಗಳಿಂದಲಾದರೂ ಭೇದ ತಿಳಿದೀತೆ? ಅಂಗೈ ಕೆಂಪಾಗುವುದು, ಎದೆ ಮತ್ತು ಭುಜಗಳ ಮೇಲೆ ಜೇಡರಕಾಲಿನಂತೆ ಹರಡಿದ ಕೆಂಪು ನರಗಳು, ಪುರುಷರಲ್ಲಿ ಸ್ತನಗಳು ಬೆಳೆಯುವುದು, ಉಗುರು ಬಿಳುಚುವುದು, ಕಾಮಾಲೆ, ಜಲೋದರ ಇವೆಲ್ಲ ಯಾವ ಕಾರಣದ ಸಿರೋಸಿಸ್‌ನಲ್ಲಿಯೂ ಕಾಣಬಹುದು. ಕೆನ್ನೆಯ ಹಿಂಭಾಗದ ಲಾಲಾಗ್ರಂಥಿಗಳ ಉಬ್ಬು, ಉಂಗುರ ಬೆರಳು ಅಂಗೈಯತ್ತ ಬಾಗಿ ಸೆಟೆದುಕೊಳ್ಳುವುದು ಮದ್ಯಪಾನಿಗಳಲ್ಲಿ ಹೆಚ್ಚು. ಕುತ್ತಿಗೆಯ ಹಿಂದೆ, ಕಂಕುಳಲ್ಲಿ ಮಖಮಲ್ಲಿನಂತೆ ದಪ್ಪನೆಯ ಕಪ್ಪು ಪಟ್ಟೆ ಮತ್ತು ಮುಂದೆ ಬಂದ ಹೊಟ್ಟೆ ಇದ್ದರೆ ಚಯಾಪಚಯ ದೋಷದ ಸೂಚನೆ. ಆದರೆ ಇವು ಸುಳಿವುಗಳು, ತೀರ್ಪುಗಳಲ್ಲ.

ಸುಳಿವನ್ನೇ ತೀರ್ಪೆಂದು ತಿಳಿದು ನಾನೇ ತಪ್ಪಿದ್ದೇನೆ. ತೊಂಬತ್ತರ ದಶಕದ ಕೊನೆಯಲ್ಲಿ ನಲವತ್ತರ ಆಸುಪಾಸಿನ ರೈತರೊಬ್ಬರು ಕಾಮಾಲೆ, ಜಲೋದರಗಳೊಂದಿಗೆ ನನ್ನ ಬಳಿಗೆ ಬಂದರು. ಕೆಂಪು ಅಂಗೈ ನೋಡಿ, “ಮೊದಲು ಕುಡಿತ ಬಿಡಪ್ಪ” ಎಂದೆ. ತಾನು ಕುಡಿಯುವುದಿಲ್ಲವೆಂದು ಅವರು ಎಷ್ಟು ಹೇಳಿದರೂ ನಂಬಲಿಲ್ಲ. ಜೊತೆಗಿದ್ದ ಹೆಂಡತಿ ಕಣ್ಣೀರಿಟ್ಟರು. ಸುಮಾರು ಒಂದು ವರ್ಷದ ನಂತರ ನಗರದ ಆಸ್ಪತ್ರೆಯಲ್ಲಿ ರಕ್ತಪರೀಕ್ಷೆಯಾಗಿ ಹೆಪಟೈಟಿಸ್ ‘ಬಿ’ ಪತ್ತೆಯಾಯಿತು. ಅವರ ತಮ್ಮನಿಗೂ ಆ ಸೋಂಕು ಇತ್ತು. ಒಂದು ರಕ್ತಪರೀಕ್ಷೆ ಬರೆದುಕೊಟ್ಟಿದ್ದರೆ ಆ ಕುಟುಂಬಕ್ಕೆ ಒಂದು ವರ್ಷ ಉಳಿಯುತ್ತಿತ್ತು, ಮನೆಯ ಮಕ್ಕಳಿಗೆ ಲಸಿಕೆ ಬೇಗ ಸಿಗುತ್ತಿತ್ತು. ಆ ಹೆಣ್ಣುಮಗಳ ಕಣ್ಣೀರು ನನಗೆ ಇಂದಿಗೂ ಪಾಠವಾಗಿ ಉಳಿದಿದೆ.

ದರ್ಶನ, ಸ್ಪರ್ಶನ, ಪ್ರಶ್ನ

ರೋಗಿಯನ್ನು ದರ್ಶನ, ಸ್ಪರ್ಶನ, ಪ್ರಶ್ನ ಎಂಬ ಮೂರು ಬಗೆಯಿಂದ ಪರೀಕ್ಷಿಸಬೇಕೆಂದು ಆಯುರ್ವೇದ ವಿಧಿಸಿದೆ. ದರ್ಶನವೊಂದೇ ಸಾಕೆಂದು ಅದು ಹೇಳಲಿಲ್ಲ. ಇಂದಿನ ಫೈಬ್ರೋಸ್ಕ್ಯಾನ್ ಒಂದು ಬಗೆಯ ಸ್ಪರ್ಶನವೇ. ಅದು ನೋವಿಲ್ಲದೆ ಹೊರಗಿನಿಂದಲೇ ಯಕೃತ್ತಿನ ಗಡಸುತನವನ್ನು ಅಳೆಯುತ್ತದೆ. ಆದರೆ ಕಾರಣವನ್ನು ಹಿಡಿದುಕೊಡುವುದು ಹೆಚ್ಚಾಗಿ ಪ್ರಶ್ನವೇ: ಕುಡಿತವಿದೆಯೇ, ಎಷ್ಟು, ಎಷ್ಟು ವರ್ಷದಿಂದ? ಮಧುಮೇಹ ಯಾವಾಗಿನಿಂದ? ಹಿಂದೆ ರಕ್ತ ಪಡೆದದ್ದುಂಟೆ? ಮನೆಯಲ್ಲಿ ಯಾರಿಗಾದರೂ ಯಕೃತ್ತಿನ ರೋಗವಿತ್ತೆ? ಯಾವ ಯಾವ ಔಷಧ, ಬೇರು, ಭಸ್ಮಗಳನ್ನು ಸೇವಿಸಿದ್ದೀರಿ? ಈ ಪ್ರಶ್ನೆಗಳನ್ನು ಬಂಧುಗಳ ಎದುರಿಗಲ್ಲದೆ ಏಕಾಂತದಲ್ಲಿ ಕೇಳಬೇಕು. ನಾಚಿಕೆಗೆ ಅಂಜಿದ ರೋಗಿ ಸತ್ಯ ಹೇಳಲಾರ.

ರಕ್ತಪರೀಕ್ಷೆಗಳೂ ನೆರವಾಗುತ್ತವೆ. ಮದ್ಯದಿಂದ ಯಕೃತ್ತು ಊದಿಕೊಂಡಾಗ ಎಸ್‌ಜಿಒಟಿ ಪ್ರಮಾಣವು ಎಸ್‌ಜಿಪಿಟಿಗಿಂತ ಸಾಮಾನ್ಯವಾಗಿ ಎರಡು ಪಟ್ಟು ಅಥವಾ ಅದಕ್ಕಿಂತ ಹೆಚ್ಚಿರುತ್ತದೆ. ಆರಂಭದ ಫ್ಯಾಟಿ ಲಿವರ್‌ನಲ್ಲಿ ಎಸ್‌ಜಿಪಿಟಿಯೇ ಹೆಚ್ಚು. ಆದರೆ ಸಿರೋಸಿಸ್ ಬಲಿತ ಮೇಲೆ ಯಾವ ಕಾರಣದಿಂದಾದರೂ ಎಸ್‌ಜಿಒಟಿ ಮೇಲೇರಬಹುದು. ವರದಿಯಲ್ಲಿನ ಒಂದು ಅಂಕೆ ಹಿಡಿದು ಮನೆಯವರನ್ನು ಸಂಶಯಿಸಬಾರದು. ಹೆಪಟೈಟಿಸ್ ‘ಬಿ’ ಮತ್ತು ‘ಸಿ’ ಪರೀಕ್ಷೆಗಳನ್ನು ಸಿರೋಸಿಸ್ ಇರುವ ಪ್ರತಿಯೊಬ್ಬರಿಗೂ ಮಾಡಿಸಬೇಕು, ಮದ್ಯಪಾನಿಗಳಿಗೂ ಸಹ. ಒಬ್ಬರಲ್ಲಿಯೇ ಎರಡು ಮೂರು ಕಾರಣಗಳು ಕೂಡಿರುವುದುಂಟು.

ಪಾಲಿಸಬೇಕಾದ ವಿಷಯಗಳು

1. ಮದ್ಯ: ಕಾರಣ ಯಾವುದೇ ಇರಲಿ, ಸಿರೋಸಿಸ್ ಇದ್ದವರಿಗೆ ಒಂದು ಹನಿಯೂ ಸಲ್ಲದು. ಮದ್ಯದಿಂದಲೇ ರೋಗ ಬಂದವರು ಬಿಟ್ಟರೆ ಆ ಹಂತದಲ್ಲಿಯೂ ಆಯುಷ್ಯ ಹೆಚ್ಚುತ್ತದೆ. ಬಹಳ ವರ್ಷ ನಿತ್ಯ ಕುಡಿದವರು ಒಮ್ಮೆಲೇ ಬಿಟ್ಟಾಗ ನಡುಕ, ಭ್ರಮೆ, ಸೆಳವು ಬರಬಹುದು. ಆದ್ದರಿಂದ ವೈದ್ಯರ ನಿಗಾದಲ್ಲಿ ಬಿಡಿಸಬೇಕು. ಅವರನ್ನು ಹೀಯಾಳಿಸುವುದರಿಂದ ಯಾರ ಯಕೃತ್ತೂ ವಾಸಿಯಾಗದು.

2. ತೂಕ: ಸಸ್ಯಾಹಾರಿಗಳಿಗೆ ಫ್ಯಾಟಿ ಲಿವರ್ ಬಾರದೆಂಬುದು ತಪ್ಪು ತಿಳಿವಳಿಕೆ. ಸಿಹಿ, ಕರಿದ ತಿಂಡಿ, ಮೈದಾ, ಬಿಳಿ ಅನ್ನದ ಅತಿ ಸೇವನೆ ಮತ್ತು ಕುಳಿತೇ ಇರುವ ಬದುಕು ಸಾಕು. ಸೊಂಟದ ಸುತ್ತಳತೆ ಪುರುಷರಲ್ಲಿ 90, ಸ್ತ್ರೀಯರಲ್ಲಿ 80 ಸೆಂಟಿಮೀಟರ್ ಮೀರಬಾರದು. ಸಿರೋಸಿಸ್ ಬರುವ ಮುನ್ನ ದೇಹದ ತೂಕದ ಶೇಕಡಾ 7ರಿಂದ 10ರಷ್ಟನ್ನು ಕ್ರಮೇಣ ಇಳಿಸಿದರೆ ಯಕೃತ್ತಿನ ಊತ ಕಡಿಮೆಯಾಗುತ್ತದೆ.

3. ಉಪ್ಪು: ಜಲೋದರ ಇರುವವರು ದಿನಕ್ಕೆ ಒಟ್ಟು 5 ಗ್ರಾಂ, ಅಂದರೆ ಒಂದು ಟೀ ಚಮಚ ಮೀರಬಾರದು. ಉಪ್ಪಿನಕಾಯಿ, ಹಪ್ಪಳ, ಸಂಡಿಗೆ ಬೇಡ. ಉದರರೋಗಿಗೆ ಉಪ್ಪನ್ನು ವರ್ಜ್ಯವೆಂದು, ಹಾಲನ್ನು ಪಥ್ಯವೆಂದು ಚರಕರು ಹೇಳಿರುವುದು ಇಲ್ಲಿ ಸ್ಮರಣೀಯ.

4. ಉಪವಾಸ: ಸೋಮವಾರ, ಶಿವರಾತ್ರಿಗಳ ಉಪವಾಸವನ್ನು ಸಿರೋಸಿಸ್ ರೋಗಿಗಳು ಮಾಡಬಾರದು. ರೋಗಗ್ರಸ್ತ ಯಕೃತ್ತು ಶಕ್ತಿಯನ್ನು ಕೂಡಿಡಲಾರದು. ಒಂದು ರಾತ್ರಿ ಹಸಿದರೂ ದೇಹ ತನ್ನ ಮಾಂಸಖಂಡವನ್ನೇ ಕರಗಿಸುತ್ತದೆ. ಬೇಳೆ, ಕಾಳು, ಹಾಲು, ಮೊಸರು ಧಾರಾಳವಾಗಿರಲಿ. ಮಲಗುವ ಮುನ್ನ ಒಂದು ಲೋಟ ಹಾಲು ಅಥವಾ ಚಿಕ್ಕ ಫಲಾಹಾರ ತೆಗೆದುಕೊಳ್ಳಿ. ಮಧುಮೇಹಿಗಳು ಇದನ್ನು ವೈದ್ಯರನ್ನು ಕೇಳಿ ಹೊಂದಿಸಿಕೊಳ್ಳಲಿ.

5. ಔಷಧಗಳು: ಆಯುರ್ವೇದ ವೈದ್ಯನಾಗಿ ನಾನು ಹೇಳಲೇಬೇಕಾದ ಮಾತಿದು. ಗಿಡಮೂಲಿಕೆ ಎಂದ ಮಾತ್ರಕ್ಕೆ ನಿರಪಾಯಕಾರಿ ಅಲ್ಲ. ಕೋವಿಡ್ ಕಾಲದಲ್ಲಿ ಅಮೃತಬಳ್ಳಿಯನ್ನು ಸೇವಿಸಿದ ಕೆಲವರಲ್ಲಿ ಯಕೃತ್ತಿನ ಊತ ಕಂಡುದನ್ನು ಮುಂಬಯಿಯ ವೈದ್ಯರು 2021ರಲ್ಲಿ ವರದಿ ಮಾಡಿದರು. ಹೆಸರು ತಿಳಿಸದ ಕಾಮಾಲೆ ಔಷಧಿ, ಅಶುದ್ಧ ಭಸ್ಮ, ಬರೆ ಹಾಕಿಸಿಕೊಳ್ಳುವುದು ಬೇಡವೇ ಬೇಡ. ಬಲಿತ ನಾರನ್ನು ಪೂರ್ತಿ ಕರಗಿಸುತ್ತೇವೆಂದು ಯಾರಾದರೂ ವಾಗ್ದಾನ ಮಾಡಿದರೆ ನಂಬಬೇಡಿ. ಐಬುಪ್ರೊಫೆನ್, ಡೈಕ್ಲೊಫೆನಾಕ್‌ನಂತಹ ನೋವಿನ ಮಾತ್ರೆಗಳೂ ಸಿರೋಸಿಸ್ ಇದ್ದವರ ಮೂತ್ರಪಿಂಡಕ್ಕೆ ಅಪಾಯಕಾರಿ.

6. ಲಸಿಕೆ ಮತ್ತು ತಪಾಸಣೆ: ಹೆಪಟೈಟಿಸ್ ‘ಬಿ’ ಲಸಿಕೆಯ ಮೊದಲ ಪ್ರಮಾಣವನ್ನು ಮಗು ಹುಟ್ಟಿದ 24 ಗಂಟೆಗಳೊಳಗೆ ಹಾಕಿಸಬೇಕು. 2018ರ ಜುಲೈ 28ರಂದು ಆರಂಭವಾದ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದಡಿ ‘ಬಿ’ ಮತ್ತು ‘ಸಿ’ ಸೋಂಕುಗಳಿಗೆ ಪರೀಕ್ಷೆ, ಚಿಕಿತ್ಸೆ ಉಚಿತವಾಗಿವೆ. ‘ಸಿ’ ಸೋಂಕನ್ನು ಮಾತ್ರೆಗಳಿಂದಲೇ ಬಹುತೇಕ ಎಲ್ಲರಲ್ಲಿ ನಿರ್ಮೂಲ ಮಾಡಬಹುದು. ಸಿರೋಸಿಸ್ ಇರುವವರು ಕ್ಯಾನ್ಸರಿನ ಮುನ್ನೆಚ್ಚರಿಕೆಗಾಗಿ ಆರು ತಿಂಗಳಿಗೊಮ್ಮೆ ಹೊಟ್ಟೆಯ ಸ್ಕ್ಯಾನಿಂಗ್ ಮಾಡಿಸಬೇಕು.

ರಕ್ತವಾಂತಿ, ಡಾಂಬರಿನಂತೆ ಕಪ್ಪು ಮಲ, ಹಗಲು ನಿದ್ರೆ ರಾತ್ರಿ ಎಚ್ಚರ, ತಡವರಿಸುವ ಮಾತು, ಜ್ವರದೊಡನೆ ಹೊಟ್ಟೆನೋವು ಇವುಗಳಲ್ಲಿ ಯಾವುದೊಂದು ಕಂಡರೂ ತಡಮಾಡದೆ ದೊಡ್ಡ ಆಸ್ಪತ್ರೆಗೆ ಹೋಗಬೇಕು. ಅಲ್ಲಿ ನನ್ನಂತಹವರ ಕಷಾಯಕ್ಕೆ ಕಾಯಬಾರದು.

ಶಿಕ್ಷಕರಿಗೆ ಕೊಟ್ಟ ಉತ್ತರ

ಆ ಶಿಕ್ಷಕರಿಗೆ 18 ವರ್ಷಗಳಿಂದ ಮಧುಮೇಹವಿತ್ತು. ಮೈ ತೆಳ್ಳಗಿದ್ದರೂ ಸೊಂಟದ ಅಳತೆ 98 ಸೆಂಟಿಮೀಟರ್ ಇತ್ತು. ಯಕೃತ್ತಿನ ತಜ್ಞರ ಬಳಿಗೆ ಕಳುಹಿಸಿದೆ. ಹೆಪಟೈಟಿಸ್ ‘ಬಿ’, ‘ಸಿ’ ಇರಲಿಲ್ಲ. ಇತರ ಕಾರಣಗಳೂ ಕಾಣಲಿಲ್ಲ. ಹತ್ತು ವರ್ಷದ ಹಿಂದಿನ ಹಳೆಯ ಸ್ಕ್ಯಾನಿಂಗ್ ವರದಿಯೊಂದು ಮನೆಯ ಪೆಟ್ಟಿಗೆಯಲ್ಲಿ ಸಿಕ್ಕಿತು. ಅದರಲ್ಲಿ ‘ಫ್ಯಾಟಿ ಲಿವರ್’ ಎಂದು ಸ್ಪಷ್ಟವಾಗಿ ಬರೆದಿತ್ತು. ಅಂದು ಯಾರೂ ಅದನ್ನು ಗಂಭೀರವಾಗಿ ಎಣಿಸಿರಲಿಲ್ಲ.

ಮಗನನ್ನು ಪಕ್ಕಕ್ಕೆ ಕರೆದು ಹೀಗೆ ಹೇಳಿದೆ: “ಯಕೃತ್ತನ್ನು ಬರೀ ನೋಡಿ ಕಾರಣ ಹೇಳಲು ನನ್ನಿಂದಲೂ ಆಗುವುದಿಲ್ಲಪ್ಪ. ಆದರೆ ನಿಮ್ಮ ತಂದೆಯವರ ಹತ್ತು ವರ್ಷದ ಹಿಂದಿನ ಕಾಗದ, ಹದಿನೆಂಟು ವರ್ಷದ ಸಕ್ಕರೆ ಕಾಯಿಲೆ ಎರಡೂ ಸಾಕ್ಷಿ ಹೇಳುತ್ತಿವೆ. ಈಗ ನಿಮ್ಮ ಸಕ್ಕರೆಯನ್ನೂ ಒಮ್ಮೆ ಪರೀಕ್ಷಿಸಿಕೊಳ್ಳಿ.” ಮಗನ ರಕ್ತದಲ್ಲಿಯೂ ಸಕ್ಕರೆ ಗಡಿಯ ಮೇಲಿತ್ತು. ಈಗ ತಂದೆಯ ಕಾಲಿನ ಬಾವು ಇಳಿದಿದೆ, ಹೊಟ್ಟೆಯ ನೀರು ಹತೋಟಿಯಲ್ಲಿದೆ. ಮಗ ದಿನವೂ ಬೆಳಿಗ್ಗೆ ಒಂದು ಗಂಟೆ ನಡೆಯುತ್ತಾನೆ. ಕಳೆದ ಬಾರಿ ತಂದೆಯ ಔಷಧಿಯ ಚೀಟಿಯನ್ನು ಹಿಡಿದು ಬಂದವನು ಅವನೇ.

ನಿಮ್ಮ ಮನೆಯ ಪೆಟ್ಟಿಗೆಯಲ್ಲಿಯೂ ‘ಫ್ಯಾಟಿ ಲಿವರ್’ ಎಂದು ಬರೆದ ಹಳೆಯ ಕಾಗದ ಇರಬಹುದು. ಇಂದೇ ತೆಗೆದು ನೋಡಿ, ನಿಮ್ಮ ವೈದ್ಯರಿಗೆ ತೋರಿಸಿ.